ಹಿಂದಿನ ಎಡಗಾಲು

ಮೊದಲನೇ ಚಿತ್ರದಾಗ ಅದಕ್ಕ ಕಾಲಽ ಇರಲಿಲ್ಲ.
ಬೀಡಿ ಕಟ್ಟಿನ ಕಾಗದದ ಹಿಂಬದಿಗೆ
ದೇವೇಂದ್ರ ಚಿತ್ರಗಾರ ಗೀಚಿದ್ದು ಇಷ್ಟು:
ಕೃಷ್ಣಾ ಹೊಳಿಯಿಂದ ಏಳೂ ಒಂದು ಬೆನ್ನು,
ಬೆನ್ನಿನ ಮ್ಯಾಲ ಕೆಸರು, ಕೆಸರಾಗ ಒಂದು ಜಾಲಿಗಿಡ,
ತಾ ಎಲ್ಲಿ ಕೂತೇನಂತ ಗೊತ್ತಿಲ್ಲದ ಒಂದು ಕಾಗಿ.
"ಉಳಿದದ್ದು ನೋಡಾವರು ತಾವಽ ಅಂಜಕೋತಾರ" ಅಂದ.

ರೊಕ್ಕ ಹಾಕಾಂವ ಮಾಲಿಂಗಪುರದ ಬೆಲ್ಲದ ದಲಾಲಿ,
ಸಿದ್ರಾಮಪ್ಪ ಹೊಸಟ್ಟಿ.
"ಬರೇ ಬೆನ್ನಿಗೆ ನಾ ರೊಕ್ಕ ಕೊಡಾಂಗಿಲ್ಲ. ಬಾಯಿ ಬೇಕು."

ಹಿಂಗ ಬಾಯಿ ಬಂತು.
ಬಾಯಿ ಬಂದಮ್ಯಾಲ ಹಸಿವಿ,
ಹಸಿದದ್ದು ನಡಕೋತ ಬರಬೇಕಲ್ಲ, ಕಾಲು.
ಏಡಿಯಂಗ ಎಂಟು ಬರದಿದ್ದ ದೇವೇಂದ್ರ.
ಎಂಟು ಮಂದಿಯ ಪಗಾರ ಬಾಯಿಲೆಕ್ಕಾ ಹಾಕಿ
ದಲಾಲಿ ನಾಕಕ್ಕ ಇಳಿಸಿದ.
ಏಡಿ ಹೋಗಿ ಉಡ ಆತು.

ಹಿಂದಿನ ಎಡಗಾಲು ನಾನು.
ದಿನಕ್ಕ ಹನ್ನೆರಡು ರೂಪಾಯಿ, ಎರಡು ಕಪ್ಪು ಚಾ.
ಬಲಗಾಲು ಮಸ್ತಾನ ಪಿಂಜಾರ.

ರಬಕವಿಯ ಒಂದು ಬಂದಾದ ಮಗ್ಗದ ಶೆಡ್ಡಿನಾಗ
ಎಂಟು ತಿಂಗಳು ಬೆಳೀತು ಅದು.
ಬಿದಿರಿನ ಎಲುವು,
ಮಸ್ತಾನನ ಅಪ್ಪ ಹಿಂಜಿ ಹಿಂಜಿ ತುಂಬಿದ ಅರಳಿ,
ಅಥಣಿಯಿಂದ ಚೀಲಗಟ್ಟಲೆ ಬಂದ
ಚಪ್ಪಲಿಗೆ ಒದಗದ ಚರ್ಮದ ಚೂರು.
ಮಲ್ಲವ್ವ ಒಂದೊಂದಽ ಹುರುಪಿ ಹೊಲದಳು,
ನಾಕು ಸಾವಿರ ದಾಟಿದ ಮ್ಯಾಲ ಎಣಿಸೂದು ಬಿಟ್ಟಳು.
ಕಣ್ಣು, ಯಾರದೋ ಟ್ರ್ಯಾಕ್ಟರಿನ ಲೈಟು.
ಹಲ್ಲು ಮೊದಲು ಕಟಗೀವು;
ಭಾರಕ್ಕ ದವಡಿ ಜೋತುಬಿದ್ದು
ಊಟಕ್ಕ ಕರದ ಬೀಗರಂಗ ನಗತಿತ್ತು.

ದನಿ ಮಾತ್ರ ಸಿಗವಲ್ದಾಗಿತ್ತು.
ಹುಲಿ ಒಗ್ಗಲಿಲ್ಲ, ಕೋಣ ಒಗ್ಗಲಿಲ್ಲ.
ಒಂದು ರಾತ್ರಿ ಕರೆಂಟು ಹೋತು.
ಬಾಜೂ ಶೆಡ್ಡಿನ ಪವರ್‌ಲೂಮು
ಎಳಕೋತ, ತೇಕಕೋತ, ಹಗೂರಕ ನಿಂತು.
ಕತ್ತಲದಾಗ ಎದ್ದು ಕೂತ ದೇವೇಂದ್ರ:
"ಇದಽ. ಅದಕ್ಕ ಸಿಟ್ಟಿಲ್ಲೋ,
ನಿಲ್ಲಾಕ ಮನಸಿಲ್ಲ, ಅಷ್ಟಽ."

ಎಲ್ಲಾ ಮುಗದ ಮ್ಯಾಲ ನೆನಪಾತು, ಬಾಗಲಾ ಸಣ್ಣದು.
ಬಾಗಲಾ ಒಡಿಯೂದೋ, ಬಾಲ ಕಡಿಯೂದೋ?
ಬಾಗಲಾ ಬಾಡಿಗಿದು.
ಬಾಲ ನಮ್ಮದು.

ಕಡಿಯೂದಕ್ಕ ಮೊದಲು ಒಂದಽ ಒಂದು ಸಲ ನಡಸಿದಿವಿ,
ಈ ಗ್ವಾಡಿಯಿಂದ ಆ ಗ್ವಾಡಿಗೆ, ನಲವತ್ತೊಂದು ಹೆಜ್ಜಿ.
ಒಳಗ ಬರೇ ಕತ್ತಲಿ, ಹಸಿ ಚರ್ಮದ ನಾತ,
ಮೂಗಿನಾಗ ಅರಳಿ.
ಮಸ್ತಾನನ ಉಸಿರು ಕೇಳಿ ನಾ ಕಾಲು ಕೀಳಬೇಕು.
ಹೊರಗ ಮಲ್ಲವ್ವ,
ತಾನಽ ಹೊಲದದ್ದಂತ ಗೊತ್ತಿದ್ದೂ
ಎರಡು ಹೆಜ್ಜಿ ಹಿಂದಕ ಸರದಳಂತ.
ನಾವು ಕಾಣಲಿಲ್ಲ. ಆಮ್ಯಾಲ ಹೇಳಿದಳು, ನಾಚಕೋತ.

ಆಮ್ಯಾಲ ಸೊಲ್ಲಾಪುರದಿಂದ ಕಥಿ ತಿದ್ದಾಂವ ಬಂದ.
ಊರಽ ನುಂಗಬೇಕಾಗಿದ್ದು ಮೊದಲು ಒಂದು ಪೂಲು ನುಂಗಿತು,
ಮುಂದಿನ ವಾರ ಬರೇ ಒಂದು ಎಮ್ಮಿ,
ಅದರ ಮುಂದಿನ ವಾರ ನಾಯಕಿಯ ಕನಸಿನಾಗ ಬಂದು ಹೋತು.
ಕನಸಿಗೆ ರೀಲು ಸಾಲಲಿಲ್ಲ.

ಸಿನಿಮಾ ಜಮಖಂಡಿಯೊಳಗ ಒಂಬತ್ತು ದಿನ ಓಡಿತು.
ಅಕ್ಕ-ತಂಗೀರ ಕಥಿ. ಹೆಣ್ಣುಮಕ್ಕಳು ಅತ್ತರು.
ಅದರಾಗೊಂದು ಮದುವಿ; ಅಕ್ಕಿಕಾಳಿನ ಹೊತ್ತಿಗೆ ಕರೆಂಟು ಹೋಗತೈತಿ.
ಕತ್ತಲದಾಗ ಅದರ ದನಿ ಹಾಕಿದ್ರು,
ಕರೆಂಟು ಹೋದ ಸಪ್ಪಳ ಅಂತ.
ಥೇಟರಿನಾಗ ಮೈ ಜುಮ್ಮಂದದ್ದು
ನಮ್ಮಿಬ್ಬರಿಗಽ.

ಅರಳಿಯಿಂದ ಮಸ್ತಾನನ ತಂಗಿಗೆ ಗಾದಿ ಆತು,
ಎರಡು ದಿಂಬೂ ಆದ್ವು.
ಲೈಟು ಟ್ರ್ಯಾಕ್ಟರಿಗೆ ತಿರಗಿ ಹೋದ್ವು.
ತಲಿ ಭಾಳ ದಿನ ಬಿದ್ದಿತ್ತು ಶೆಡ್ಡಿನ ಹಿಂದ,
ಬಾಯಾಗ ಕೋಳಿ ಕಾವಿಗೆ ಕೂಡತಿದ್ವು.
ದೇವೇಂದ್ರ ಆಮ್ಯಾಲ ಅಂಗಡಿ ಬೋರ್ಡು ಬರದ.
ಅಂವ ಬರದ ಎಮ್ಮಿ ಹಾಲಿನ ಡೇರಿ ಬೋರ್ಡಿನಾಗ
ಎಮ್ಮಿ ಹಿಂದ ಒಂದು ಗುಡ್ಡ ಐತಿ,
ಗುಡ್ಡದ ಮ್ಯಾಲ ಜಾಲಿಗಿಡ.
ಕಾಗಿನೂ ಐತಿ, ಹುಡುಕಿದರ.

ಈಗ ಸಂಜೀಕ ಚಾ ಕುಡದು
ನಾನೂ ಮಸ್ತಾನನೂ ಹೊಳೀ ದಂಡಿಗೆ ಹೋಗತೇವಿ.
ಮೊಣಕಾಲು ಇಬ್ಬರವೂ ಸುಮಾರು.
ಅಂವ ಬಲಗಾಲು ಎತ್ತೂತನಕ
ನನ್ನ ಎಡಗಾಲು ಏಳಾಂಗಿಲ್ಲ.
ಮಾತಾಡೂದಿಲ್ಲ, ಉಸಿರು ಕೇಳತೇವಿ.
ಮುಂದಿನವರು ಇಬ್ಬರೂ
ಇನ್ನೂ ಅದಾರಂತ ತಿಳಕೊಂಡಽ
ನಡೀತೇವಿ.